ಕಾರಟಗಿಯ ಗಿರಣಿಯಲ್ಲಿ ತಂಪಿನ ಗುಂಡಿ

ಗ್ಯಾನಪ್ಪ ಕೊಪ್ಪಳದಿಂದ ಕಾರಟಗಿ ಮುಟ್ಟಿದಾಗ ಹನ್ನೊಂದೂವರೆ ಆಗಿತ್ತು. ಅರವತ್ತು ಚಿಲ್ಲರೆ ಕಿಲೋಮೀಟರ್ ಬೈಕಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿತ್ತು. ಗಿರಣಿಯ ಗೇಟಿನ ಬಳಿ ಇಳಿದವನು ಹೆಲ್ಮೆಟ್ ತೆಗೆಯುವ ಮೊದಲು ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದೇ ನಿಂತ. 2019ರ ಮೇ ತಿಂಗಳು. ಬೇಸಿಗೆ ಬೆಳೆಯ ಭತ್ತ ಅಂಗಳದ ತುಂಬ ರಾಶಿ ಬಿದ್ದಿತ್ತು. ಹೊಟ್ಟಿನ ಧೂಳು ಗಾಳಿಯಲ್ಲಿ ನಿಂತುಬಿಟ್ಟಿತ್ತು.

"ಬಂದ್ರ್ಯಾ ಡಾಕ್ಟರ? ಪೇಶಂಟ್ ಇನ್ನೂ ಉಸರಾಡಾಕ ಹತ್ತೈತಿ ನೋಡ್ರಿ," ಎಂದ ಹಮಾಲಿ ಅಲ್ಲಾಸಾಬ, ಬೆನ್ನ ಮೇಲಿನ ಚೀಲ ಇಳಿಸದೆಯೇ.

"ನನ್ನ ಉಸರು ಯಾರು ನೋಡಬೇಕಪಾ," ಎಂದು ಗ್ಯಾನಪ್ಪ ಒಳಗೆ ನಡೆದ.

ಪೇಶಂಟ್ ಎಂದರೆ ಅಕ್ಕಿ ಆರಿಸುವ ಯಂತ್ರ. ಗಿರಣಿಯವರೆಲ್ಲ ಅದಕ್ಕೆ ಸಾರ್ಟರ್ ಅನ್ನುತ್ತಾರೆ. ಮೇಲಿನಿಂದ ಜಾರಿ ಬೀಳುವ ಅಕ್ಕಿಯನ್ನು ಅದರೊಳಗಿನ ಕ್ಯಾಮರಾ ನೋಡುತ್ತದೆ, ಕಂಪ್ಯೂಟರು ಒಂದೊಂದು ಕಾಳನ್ನೂ ಅಳೆಯುತ್ತದೆ, ಕಪ್ಪು ಕಾಳು ಕಂಡರೆ ಗಾಳಿಯ ಒಂದು ಪೆಟ್ಟು ಅದನ್ನು ಆಚೆ ಹಾರಿಸುತ್ತದೆ. ಹದಿನೈದು ದಿನಗಳಲ್ಲಿ ಈ ಗಿರಣಿಯ ಅಕ್ಕಿಯ ಮೂರು ಲೋಡು ಕಪ್ಪು ಕಾಳು ಬಂದಿದೆಯೆಂದು ವಾಪಸಾಗಿದ್ದವು. ಹಿಂದಿನ ದಿನ ಮಾಲೀಕ ಶರಣಬಸಪ್ಪ ಫೋನಿನಲ್ಲಿ ಹೇಳಿದ್ದು ನೆಟ್ಟಗಿತ್ತು: "ಮಿಷಿನ್ ಮುಂದ ಕುಂದ್ರಾಕಿ ಕಣ್ಣ ಮುಚ್ಚಿ ಕುಂದ್ರತಾಳ. ಸೋಮವಾರದಿಂದ ಬ್ಯಾರೆದಾರ್ನ ಕುಂದರಸ್ತೀನಿ. ನೀ ಬಂದು ಮಿಷಿನ್ ಛಲೋ ಐತಿ ಅಂತ ಒಂದ್ ಮಾತು ಹೇಳಿಬಿಡು, ಸಾಕು."

ಮಿಷಿನ್ ಮುಂದೆ ಕೂರುವಾಕೆ ಮಾಶಾಬಿ. ಒಂದು ಕಾಲಕ್ಕೆ ಇಪ್ಪತ್ತು ಹೆಂಗಸರು ಇದೇ ಶೆಡ್ಡಿನಲ್ಲಿ ಸಾಲಾಗಿ ಕೂತು ಕೈಯಿಂದ ಅಕ್ಕಿ ಆರಿಸುತ್ತಿದ್ದರು. ಸಾರ್ಟರ್ ಬಂದ ದಿನ ಹತ್ತೊಂಬತ್ತು ಮಂದಿ ಹೊಲದ ಕೆಲಸಕ್ಕೆ ಹೋದರು. ಪರದೆಯ ಮೇಲಿನ ಗುಂಡಿಗಳನ್ನು ಎರಡೇ ದಿನಕ್ಕೆ ಕಲಿತುಕೊಂಡ ಮಾಶಾಬಿ ಉಳಿದಳು. ಈಗ ಅವಳ ಮೊಣಕಾಲುಗಳು ಸೋತಿವೆ. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವುದು ಆಗದ ಮಾತು. ಈ ಕುರ್ಚಿ ಹೋದರೆ ಅವಳಿಗೆ ಬೇರೆ ಕುರ್ಚಿ ಇರಲಿಲ್ಲ.

"ಅಣ್ಣಾರ, ಅರ್ಧ ತಾಸಿಗೊಮ್ಮೆ ತಟ್ಟ್ಯಾಗ ಹಾಕಿ ನೋಡ್ತೀನ್ರಿ," ಎಂದಳು ಅವನನ್ನು ಕಂಡ ಕೂಡಲೇ. "ಮುಂಜಾನೆ ಬೆಳ್ಳಗ ಬರತೈತಿ. ಮಧ್ಯಾಹ್ನ ಕಪ್ಪು ಬರತೈತಿ. ಸಂಜಿಕ ಮತ್ತ ಬೆಳ್ಳಗ. ಹೇಳಿದ್ರ ಸಾವ್ಕಾರ್ರು ನಗ್ತಾರ. ಅಕ್ಕಿಗೂ ಮಧ್ಯಾಹ್ನ ನಿದ್ದಿ ಬರತೈತೇನು ಅಂತಾರ."

"ದಿನಾ ಧೂಳ ಹೊಡೀತಿಯಿಲ್ಲೋ?"

"ನನ್ನ ಮನಿ ಕಸ ಬಿಟ್ಟೇನು, ಇದರ ಧೂಳ ಬಿಡೂದಿಲ್ರಿ."

ಗ್ಯಾನಪ್ಪ ಯಂತ್ರದ ಬದಿಯ ಬಾಗಿಲು ತೆಗೆದ. ಒಳಗೆ ಸ್ವಚ್ಛವಾಗಿತ್ತು. ಫ್ಯಾನು ತಿರುಗುತ್ತಿತ್ತು. ಪರದೆಯ ಮೂಲೆಯಲ್ಲಿ ನೀಲಿ ಬಣ್ಣದ ಒಂದು ಗುಂಡಿ, ಅದರ ಮೇಲೆ 'ತಂಪು' ಎಂಬ ಪದ. ಅದನ್ನು ಕಂಡು ಅವನ ಕೈ ನಿಂತಿತು. ಆ ಗುಂಡಿ ಮಾಡಿದವನು ಅವನೇ.

ಗ್ಯಾನಪ್ಪ ಕೊಪ್ಪಳದ ಹತ್ತಿರದ ಇರಕಲ್ಲಗಡದ ಕಡೆಯವನು. ಅಪ್ಪ ಅವ್ವ ಕೂಲಿ ಮಾಡಿದವರು. 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಅವನಿಗೆ ಇಪ್ಪತ್ತೆರಡು. ಆಗ ಕೊಪ್ಪಳದ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಪಂಪಿನ ತಾಮ್ರದ ತಂತಿ ಬಿಚ್ಚುತ್ತ ಕೂತಿದ್ದ. ಫ್ಯೂಜು ಪದೇ ಪದೇ ಹಾರುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟಿದವರ ಮೋಟರುಗಳೇ ಹೆಚ್ಚಾಗಿ ಬರುತ್ತಿದ್ದವು. "ಫ್ಯೂಜ್ ನಿಮ್ಮ ವೈರಿ ಅಲ್ರಿ, ಅದು ಕಾವಲುಗಾರ," ಎಂದು ಎಷ್ಟು ಜನಕ್ಕೆ ಹೇಳಿದ್ದನೋ. ಕೇಳಿದವರು ತಲೆಯಾಡಿಸಿ, ಮನೆಗೆ ಹೋಗಿ, ಮತ್ತೆ ದಪ್ಪ ತಂತಿಯನ್ನೇ ಕಟ್ಟುತ್ತಿದ್ದರು. ಹೊಸ ಜಿಲ್ಲೆಗೆ ಕಚೇರಿಗಳು ಬಂದವು. ಕಚೇರಿಗಳಿಗೆ ಯುಪಿಎಸ್ ಬಂತು, ಹಿಂದೆಯೇ ಕಂಪ್ಯೂಟರು ಬಂತು. ಯುಪಿಎಸ್ ರಿಪೇರಿಗೆ ಹೋದವನು ಕಂಪ್ಯೂಟರನ್ನೂ ಬಿಚ್ಚತೊಡಗಿದ. ಹೆಂಡತಿ ಗಾಳೆಮ್ಮ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿ ಮನೆ ನಡೆಸಿದ ಎರಡು ವರ್ಷ, ಇವನು ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷ್ ಪುಸ್ತಕಗಳಿಂದ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿತ. ಗಿರಣಿಗಳಿಗೆ ಸಾರ್ಟರ್ ಬಂದಾಗ, ದೂರದ ಕಂಪನಿಯ ಇಂಜಿನಿಯರು ಬರುವುದಕ್ಕೆ ವಾರ ಹಿಡಿಯುತ್ತಿದ್ದುದರಿಂದ, ಸುತ್ತಲಿನ ಗಿರಣಿಗಳವರಿಗೆ ಗ್ಯಾನಪ್ಪನೇ ಇಂಜಿನಿಯರ್ ಆದ.

ಹಿಂದಿನ ತಿಂಗಳು, ಏಪ್ರಿಲ್ ಮೊದಲ ವಾರ, ಇದೇ ಕಂಪ್ಯೂಟರು ಮಧ್ಯಾಹ್ನದ ಕಾವಿಗೆ ನಿಂತುಹೋಗುತ್ತಿತ್ತು. ಎಸಿ ಹಾಕಿಸಿ ಎಂದರೆ ಶರಣಬಸಪ್ಪ, "ನನಗ ಇಲ್ಲದ ಎಸಿ ಅದಕ್ಯಾಕಪಾ?" ಎಂದಿದ್ದ. ಆಗ ಗ್ಯಾನಪ್ಪನಿಗೆ ಹೊಳೆದದ್ದು, ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನ ವೋಲ್ಟೇಜು; ಅದು ಇಳಿದಷ್ಟೂ ಕಾವು ಕಡಿಮೆ.

ಕಂಪ್ಯೂಟರಿನ ಎಲ್ಲ ಕೆಲಸದ ಮೇಲೆ ಹಿಡಿತ ಇಟ್ಟಿರುವ ಮೂಲ ತಂತ್ರಾಂಶಕ್ಕೆ ಕರ್ನಲ್ ಅನ್ನುತ್ತಾರೆ. ಪ್ರೊಸೆಸರು ಎಷ್ಟು ವೇಗದಲ್ಲಿ ಓಡಬೇಕು, ಆ ವೇಗಕ್ಕೆ ಎಷ್ಟು ವೋಲ್ಟೇಜು ಬೇಕು ಎಂಬುದನ್ನು ನೋಡಿಕೊಳ್ಳುವುದು ಅದರ ಕೆಲಸ. ವೇಗ ಏರಿಸುವ ಮೊದಲು ಅದು ವೋಲ್ಟೇಜು ಏರಿಸುತ್ತದೆ. ಇಳಿಸುವಾಗ ಮೊದಲು ವೇಗ ತಗ್ಗಿಸಿ, ಆಮೇಲೆ ವೋಲ್ಟೇಜು ತಗ್ಗಿಸುತ್ತದೆ. ಎತ್ತಿನ ಹೊರೆ ಇಳಿಸದೆ ಮೇವು ಕಡಿಮೆ ಮಾಡಬಾರದೆಂಬಷ್ಟು ಸರಳ ವಿಷಯ. ಆದರೆ ವೇಗ ತಗ್ಗಿಸಿದರೆ ಗಂಟೆಗೆ ಆರಿಸುವ ಚೀಲಗಳು ಕಡಿಮೆಯಾಗುತ್ತವೆ. ಅದು ಶರಣಬಸಪ್ಪನಿಗೆ ಬೇಡ. ಗ್ಯಾನಪ್ಪ ಕರ್ನಲ್ಲಿನ ಲೆಕ್ಕವನ್ನು ಬದಿಗೆ ಸರಿಸಿ, ವೇಗ ಹಾಗೇ ಬಿಟ್ಟು, ವೋಲ್ಟೇಜನ್ನಷ್ಟೇ ಸ್ವಲ್ಪ ಇಳಿಸಿದ. ಕಂಪ್ಯೂಟರು ತಣ್ಣಗಾಯಿತು. ಮೂರು ದಿನ ಎಲ್ಲ ಸರಿಯಿತ್ತು.

ನಾಲ್ಕನೆಯ ದಿನ ಬಿಸಿಲು ಇನ್ನೂ ಏರಿತು, ಫೋನು ಬಂತು. ಮತ್ತೆ ಬೈಕು, ಮತ್ತೆ ಸೊಂಟ. ವೋಲ್ಟೇಜು ಮುಟ್ಟಬೇಕಾದರೆ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಅವನೊಬ್ಬನಲ್ಲಿತ್ತು. ಆ ಸಲ ಬಂದವನು ಬೇಸತ್ತು ನೀಲಿ ಗುಂಡಿ ಮಾಡಿಟ್ಟ. ಪಾಸ್‌ವರ್ಡ್ ಕೇಳುವುದಿಲ್ಲ, ಯಾರು ಒತ್ತಿದರೂ ವೋಲ್ಟೇಜು ಒಂದು ಮೆಟ್ಟಿಲು ಕೆಳಗೆ. "ಬಿಸಿ ಆತಂದ್ರ ಒಮ್ಮೆ ಒತ್ತು ತಂಗಿ," ಎಂದು ಮಾಶಾಬಿಗೆ ತೋರಿಸಿ ಹೋದ. ಎಷ್ಟು ಮೆಟ್ಟಿಲು ಇಳಿಯಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಬರೆಯಲಿಲ್ಲ. ಮುಂದಿನ ಸಲ ಬಂದಾಗ ಬರೆದರಾಯಿತು ಅಂದುಕೊಂಡಿದ್ದ.

ಈಗ ಅವನು ಕಂಪ್ಯೂಟರಿನ ದಾಖಲೆ ತೆರೆದ. ಗುಂಡಿ ಒತ್ತಿದ ದಿನ, ಹೊತ್ತು, ಆ ದಿನ ಪರದೆ ತೆರೆದು ಕೂತವರ ಹೆಸರು ಸಾಲಾಗಿ ಇದ್ದವು. ಹದಿಮೂರು ಸಲ. ಹದಿಮೂರೂ ಮಾಶಾಬಿಯ ಹೆಸರಿನಲ್ಲಿ.

"ಎಷ್ಟು ಸಲ ಒತ್ತೀದಿ ಇದನ್ನ?"

"ನೀವು ಹೇಳಿದಾಂಗ್ರಿ. ಬಿಸಿ ಆದಾಗೊಮ್ಮೆ." ಅವಳ ದನಿ ತಗ್ಗಿತು. "ಯಾಕ್ರಿ? ಒತ್ತಬಾರದಿತ್ತೇನ್ರಿ?"

"ಬಿಸಲು ಏರಲಿ, ನೋಡೂಣು," ಎಂದ ಗ್ಯಾನಪ್ಪ. ಮಧ್ಯಾಹ್ನ ಎರಡು ಗಂಟೆಯವರೆಗೆ ಕಾದ. ಶೆಡ್ಡಿನ ತಗಡು ಕಾದು, ಯಂತ್ರದ ಬದಿ ಮುಟ್ಟಲಾಗದಂತೆ ಆದಾಗ, ಒಂದು ಬುಟ್ಟಿ ಅಕ್ಕಿಗೆ ಒಂದು ಹಿಡಿ ಕಪ್ಪು ಕಾಳು ಬೆರೆಸಿ ಮೇಲೆ ಸುರಿಸಿದ. ಕೆಳಗೆ ಬಂದ ಅಕ್ಕಿಯಲ್ಲಿ ಕಪ್ಪು ಕಾಳು ಅಲ್ಲಲ್ಲಿ ಹಾಗೇ ಇದ್ದವು. ವೋಲ್ಟೇಜನ್ನು ಮೊದಲಿದ್ದಲ್ಲಿಗೆ ಏರಿಸಿ, ಅಷ್ಟೇ ಅಕ್ಕಿಗೆ ಅಷ್ಟೇ ಕಪ್ಪು ಕಾಳು ಬೆರೆಸಿ ಮತ್ತೆ ಸುರಿಸಿದ. ತಟ್ಟೆ ಬೆಳ್ಳಗಾಯಿತು.

ಕಂಪ್ಯೂಟರು ನಿಂತಿರಲಿಲ್ಲ, ಕೂಗಿಕೊಂಡಿರಲಿಲ್ಲ. ವೇಗಕ್ಕೆ ಸಾಲದ ವೋಲ್ಟೇಜಿನಲ್ಲಿ ಅದರ ಲೆಕ್ಕ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿತ್ತು. ತಪ್ಪಿದ ಕ್ಷಣದ ಚಿತ್ರವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಆ ಕ್ಷಣದಲ್ಲಿ ಬಿದ್ದ ಕಾಳುಗಳನ್ನು ಯಾರೂ ನೋಡಿರಲಿಲ್ಲ. ಮೋಟರಾದರೆ ಸುಟ್ಟ ವಾಸನೆ ಬರುತ್ತದೆ. ಇದು ಸುಮ್ಮನೆ ಸುಳ್ಳು ಹೇಳುತ್ತ ಓಡುತ್ತಿತ್ತು.

"ಹಂಗಾರ ನಾ ಒತ್ತಿದ್ದಕ್ಕ ಆತು," ಎಂದಳು ಮಾಶಾಬಿ, ತಟ್ಟೆಯನ್ನೇ ನೋಡುತ್ತ.

"ನೀರು ಕುಡ್ಯಾಕ ಕೊಡವಾ ಮೊದಲ," ಎಂದ ಗ್ಯಾನಪ್ಪ.

ಶರಣಬಸಪ್ಪನ ಕಚೇರಿಗೆ ಹೋಗುವ ಹತ್ತು ಹೆಜ್ಜೆಯಲ್ಲಿ ಅವನ ಮುಂದೆ ಮೂರು ಮಾತುಗಳಿದ್ದವು. ಮಿಷಿನ್ ಛಲೋ ಐತಿ ಎಂದರೆ ಮಾಶಾಬಿ ಹೋಗುತ್ತಾಳೆ. ಧೂಳು ತುಂಬಿತ್ತು ಎಂದರೂ ಅವಳೇ ಹೋಗುತ್ತಾಳೆ, ಧೂಳು ಹೊಡೆಯುವುದು ಅವಳ ಕೆಲಸ. ದಾಖಲೆ ತೋರಿಸಿದರೆ ಅವಳ ಹೆಸರೇ ಹದಿಮೂರು ಸಲ. ಯಾವುದನ್ನು ಹೇಳಿದರೂ ಅವನು ಚಹಾ ಕುಡಿದು ಮನೆಗೆ ಹೋಗಬಹುದಿತ್ತು. ಮನೆಗೆ ಹೋಗಿ ಮಲಗುವುದನ್ನು ಬಿಟ್ಟು ಅವನಿಗೆ ಆ ಹೊತ್ತಿಗೆ ಬೇರೇನೂ ಬೇಕಿರಲಿಲ್ಲ.

"ಏನಪಾ, ಮಿಷಿನ್ ಛಲೋ ಐತ್ಯಲ್ಲ?" ಎಂದ ಶರಣಬಸಪ್ಪ.

"ಇಲ್ರಿ ಸಾವ್ಕಾರ್ರ. ಕೆಟ್ಟಿತ್ತು. ಕೆಡಿಸಿದಾಂವ ನಾನು."

ಶರಣಬಸಪ್ಪ ಫೋನು ಕೆಳಗಿಟ್ಟ. ಗ್ಯಾನಪ್ಪ ಗುಂಡಿಯ ಕಥೆಯನ್ನು ಮೊದಲಿನಿಂದ ಹೇಳಿದ. ಮಧ್ಯೆ ಒಮ್ಮೆ ಶರಣಬಸಪ್ಪ, "ಒತ್ತಿದಾಕಿ ಅಕಿನ ಹೌದಲ್ಲೋ ಮತ್ತ?" ಎಂದ.

"ಒತ್ತಿದಾಕಿ ಅಕಿನರಿ. ಯಾರು ಬೇಕಾದ್ರೂ, ಎಷ್ಟು ಬೇಕಾದ್ರೂ ಒತ್ತೂ ಹಂಗ ಇಟ್ಟಾಂವ ನಾನು. ನೀವು ಒತ್ತಿದ್ರೂ ಹಿಂಗ ಆಗ್ತಿತ್ತು. ಫ್ಯೂಜ್ ತಗದು ದಪ್ಪ ತಂತಿ ಕಟ್ಟಿದ್ದೆ ನಾನು. ಇಪ್ಪತ್ತು ವರ್ಷ ಮಂದಿಗೆ ಬೈದು, ಕಡೀಕ ನಾನ ಕಟ್ಟಿದೆ."

"ಮೂರು ಲೋಡು, ಗ್ಯಾನಪ್ಪ."

"ಹೌದ್ರಿ."

ಶರಣಬಸಪ್ಪ ಬೈಯಲಿಲ್ಲ. "ಅಕಿ ಇರಲಿ," ಎಂದ. "ನೀ ಇವತ್ತು ಸರಿ ಮಾಡಿ ಹೋಗು. ಮುಂದಿಂದು ಗಂಗಾವತಿ ರಿಪೇರಿ ಅಂಗಡಿಯವರಿಗೆ ಹೇಳ್ತೀನಿ. ಮನಸಿನ್ಯಾಗ ಇಟಗೋಬ್ಯಾಡ."

"ಇಲ್ರಿ," ಎಂದ ಗ್ಯಾನಪ್ಪ. ಏಳು ವರ್ಷದ ಗಿರಾಕಿ ಎರಡು ಮಾತಿನಲ್ಲಿ ಮುಗಿದಿತ್ತು.

ಯಂತ್ರದ ಬಳಿ ಹಿಂತಿರುಗಿ ನೀಲಿ ಗುಂಡಿಯ ಹಿಂದಿದ್ದುದನ್ನೆಲ್ಲ ಅಳಿಸಿದ. ವೋಲ್ಟೇಜು ಹೊರಗಿನ ಯಾವ ಕೈಗೂ ಸಿಗದಂತೆ ಬೀಗ ಹಾಕಿದ, ತನ್ನ ಕೈಗೂ ಸುಲಭಕ್ಕೆ ಸಿಗದಂತೆ. ಅದೇ ಜಾಗದಲ್ಲಿ ಹೊಸ ಗುಂಡಿ ಇಟ್ಟ. ಅದನ್ನು ಒತ್ತಿದರೆ ವೇಗ ತಗ್ಗಿಸು ಎಂಬ ಬೇಡಿಕೆಯಷ್ಟೇ ಕರ್ನಲ್ಲಿಗೆ ಹೋಗುತ್ತದೆ. ಎರಡೇ ವೇಗ, ಪೂರ್ತಿ ಮತ್ತು ಮುಕ್ಕಾಲು; ಕಾವು ಇಳಿದರೆ ತಾನಾಗಿ ಪೂರ್ತಿಗೆ ಮರಳುತ್ತದೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜು ಎಂಬುದನ್ನು ಕರ್ನಲ್ಲು ತನ್ನ ಪಟ್ಟಿ ನೋಡಿ ಕೊಡುತ್ತದೆ. ಬೇರೆ ಏನು ಕೇಳಿದರೂ ಕೊಡುವುದಿಲ್ಲ.

"ಒತ್ತು," ಎಂದ ಮಾಶಾಬಿಗೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ."

"ಒತ್ತವಾ. ಹತ್ತು ಸಲ ಒತ್ತು."

ಒಮ್ಮೆ ಒತ್ತಿದಳು. ಯಂತ್ರದ ಸದ್ದು ಸ್ವಲ್ಪ ತಗ್ಗಿತು. ಮತ್ತೆ ಒತ್ತಿದಳು, ಏನೂ ಆಗಲಿಲ್ಲ. ಆಮೇಲೆ ಒಂದೇ ಸವನೆ ಒತ್ತಿದಳು. ಬಾಗಿಲಲ್ಲಿ ನಿಂತಿದ್ದ ಅಲ್ಲಾಸಾಬ ಎಣಿಸತೊಡಗಿದ. "ಹನ್ನೆರಡು, ಹದಿಮೂರು... ಬಿಡಬೇ, ಅದಕ್ಕೂ ಜೀವ ಐತಿ!" ಮಾಶಾಬಿ ನಕ್ಕಳು. ತಟ್ಟೆಯಲ್ಲಿ ಹಿಡಿದು ನೋಡಿದ ಅಕ್ಕಿ ಬೆಳ್ಳಗಿತ್ತು.

"ಮಧ್ಯಾಹ್ನ ಚೀಲ ಕಮ್ಮಿ ಆಗ್ತಾವ," ಎಂದ ಗ್ಯಾನಪ್ಪ ಚೀಲದಲ್ಲಿ ಸ್ಕ್ರೂಡ್ರೈವರ್ ತುಂಬುತ್ತ. "ಸಾವ್ಕಾರ್ರು ಬೈತಾರ. ಬೈಸ್ಕೋ."

"ಬೈಲಿ ಬಿಡ್ರಿ, ಅದೇನು ಹೊಸಾದಾ?" ಅವಳು ಗೇಟಿನವರೆಗೂ ಬಂದಳು. ಅವನು ಹೆಲ್ಮೆಟ್ ಹಾಕಿಕೊಳ್ಳುವಾಗ ತಡೆದು ಕೇಳಿದಳು. "ಅಣ್ಣಾರ, ಆ ನೀಲಿ ಗುಂಡಿ ಮತ್ತೆಲ್ಲೆಲ್ಲಿ ಇಟ್ಟೀರಿ?"

ಗ್ಯಾನಪ್ಪ ಪಟ್ಟಿ ಬಿಗಿಯುತ್ತಿದ್ದವನು ನಿಂತ. ಬೆಳಗಿನಿಂದ ಆ ಪ್ರಶ್ನೆಯನ್ನು ಅವನು ತನ್ನೊಳಗೇ ಸುತ್ತು ಹಾಕಿ ತಪ್ಪಿಸಿಕೊಂಡು ಬಂದಿದ್ದ.

"ಇನ್ನೂ ಎರಡು ಗಿರಣಿ. ಒಂದು ಇಲ್ಲೇ ಊರ ಹೊರಗ. ಒಂದು ಗಂಗಾವತ್ಯಾಗ."

"ಅಲ್ಲೂ ಯಾರರ ಹೆಣ್ಮಕ್ಕಳು ಕುಂತಿರ್ತಾರ."

"ಕುಂತಿರ್ತಾರ."

ಅವಳು ಗೇಟಿನ ಅಗಳಿ ಸರಿಸಿದಳು. ಮೂರೂ ಮುಕ್ಕಾಲು ಆಗಿತ್ತು. ಗ್ಯಾನಪ್ಪ ಗಾಳೆಮ್ಮನಿಗೆ ಫೋನು ಮಾಡಿ, ಊಟಕ್ಕೆ ಕಾಯಬೇಡ ಎಂದ. ಬೈಕನ್ನು ಮನೆಯ ದಾರಿಗೆ ಹಚ್ಚಿದವನು ಒಂದು ಸಲ ಕಾಲೂರಿ, ತಿರುಗಿಸಿಕೊಂಡು, ಊರ ಹೊರಗಿನ ಗಿರಣಿಯ ಕಡೆ ಹೊರಟ.