ಬಿಳಿ ಹಾಸಿನ ದಿನ

ನಮ್ಮ ದೊಡ್ಡಮ್ಮನಿಗೆ ಸಂಭ್ರಮವೆಂದರೆ ಒಗೆಯುವ ಕೆಲಸ. ಇದು ನನ್ನ ಕೊಂಕಲ್ಲ, ಮೂವತ್ತೊಂದು ವರ್ಷ ಚರ್ಚಿನ ಬಟ್ಟೆ ಒಗೆದವಳ ಸ್ವಂತ ಮಾತು. ಬಲಿಪೀಠಕ್ಕೆ ಕಾಲಕ್ಕೊಂದು ಬಣ್ಣದ ಹಾಸು. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ನೇರಳೆ, ಈಸ್ಟರಿಗೂ ಮದುವೆಗೂ ಬಿಳಿ, ಉಳಿದಂತೆ ಹಸಿರು.

"ಸಂತೋಷದ ಬಟ್ಟೆಗೇ ಕಲೆ ಜಾಸ್ತಿ ಕಣೇ. ನೇರಳೆ ನೋಡು, ಪಾಪ, ಎಷ್ಟು ಕೊಳೆಯಾದ್ರೂ ತೋರಿಸ್ಕೊಳ್ಳಲ್ಲ" ಎನ್ನುತ್ತಿದ್ದಳು.

ಬಿಳಿ ಹಾಸಿನ ಮೇಲೆ ಬಿದ್ದ ಮೇಣವನ್ನು ಚಾಕುವಿನ ಹಿಂಬದಿಯಿಂದ ಕೆರೆಯಬೇಕು. ಉಳಿದದ್ದರ ಮೇಲೆ ಕಾಗದವಿಟ್ಟು ಇಸ್ತ್ರಿ ಒತ್ತಬೇಕು. ದ್ರಾಕ್ಷಾರಸದ ಕಲೆಗೆ ಕುದಿಯುವ ನೀರು. ಮಡಚಿದರೆ ಗೆರೆ ಬೀಳುತ್ತದೆಂದು ಉದ್ದದ ಕೊಳವೆಗೆ ಸುತ್ತಿಡಬೇಕು. ಇಷ್ಟೆಲ್ಲ ಮಾಡಿದವಳು ಹಬ್ಬದ ದಿನ ಎಲ್ಲಿರುತ್ತಿದ್ದಳು ಅಂದರೆ, ಹಿಂದಿನ ಕೋಣೆಯಲ್ಲಿ, ಆರಾಧನೆ ಮುಗಿದ ಮೇಲಿನ ಕಾಫಿಗೆ ಲೋಟ ತೊಳೆಯುತ್ತ. ಅವಳು ಕೇಳಿದ ಹಾಡೆಲ್ಲ ಗೋಡೆಯಾಚೆಯಿಂದ ಬಂದದ್ದೇ. "ಸಂತೋಷಪಡುವುದೂ ಆರಾಧನೆಯೇ" ಎಂದು ಪಾದ್ರಿಗಳು ಪ್ರತಿ ವರ್ಷ ಪ್ರಸಂಗ ಮಾಡುತ್ತಿದ್ದರು. ಆ ಗೋಡೆಯ ಹಿಂದೆ ಒಮ್ಮೆಯೂ ಇಣುಕಿದವರಲ್ಲ. ನನಗೆ ಅದು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಸಾಯೋದ್ರೊಳಗೆ ಒಂದು ಈಸ್ಟರನ್ನ ಕೂತು ನೋಡ್ಬೇಕು" ಎಂಬುದು ಅವಳ ಒಂದೇ ಆಸೆ. ಏಳುವಾಗಲೆಲ್ಲ ಮಂಡಿ ಹಿಡಿದುಕೊಂಡು ಅದನ್ನೇ ಹೇಳುವಳು.

ಆ ವರ್ಷ ಉಪವಾಸದ ದಿನಗಳು ಶುರುವಾದ ವಾರವೇ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋಯಿತು. ದೊಡ್ಡಮ್ಮ ಅವರನ್ನು ಎತ್ತಿ, ಹೊರಳಿಸಿ, ಒರೆಸಿ, ಹಾಸಿಗೆಯ ಬಟ್ಟೆ ಒಗೆದು ಚರ್ಚಿಗೆ ಬರುವಳು, ಚರ್ಚಿನದು ಒಗೆದು ಮನೆಗೆ ಓಡುವಳು. ಅವಳ ಕೈಗೆ ಯಾವ ಬಟ್ಟೆ ಎಲ್ಲಿಯದೆಂಬ ಭೇದವೇ ಉಳಿಯಲಿಲ್ಲ. ಈಸ್ಟರಿನ ಹಿಂದಿನ ಸಂಜೆ, ಶುಭ ಶುಕ್ರವಾರಕ್ಕೆಂದು ಬರಿದು ಮಾಡಿದ್ದ ಬಲಿಪೀಠಕ್ಕೆ ಹಾಸು ಹಾಕಿ, ಮೇಲೆ ಧೂಳಿನ ಹೊದಿಕೆ ಎಳೆದು, ಒಂದೇ ಉಸಿರಿಗೆ ಮನೆ ಸೇರಿದಳು.

ಬೆಳಿಗ್ಗೆ ದೊಡ್ಡಪ್ಪನ ಪಕ್ಕ ನಮ್ಮಮ್ಮ ಕೂತಳು, ನಾನು ದೊಡ್ಡಮ್ಮನ ಜೊತೆ ಚರ್ಚಿಗೆ ಹೋದೆ. ಅವಳು ಎಂದಿನಂತೆ ನೇರ ಹಿಂದಿನ ಕೋಣೆ ಸೇರಿದಳು. ಸಭೆಯೆಲ್ಲ ಎದ್ದು ನಿಂತಿತು. "ಕ್ರಿಸ್ತನು ಎದ್ದಿದ್ದಾನೆ!" ಎಂದು ಪಾದ್ರಿಗಳು ಹೊದಿಕೆ ಸರಿಸಿದರು. ಕೆಳಗೆ ನೇರಳೆ!

ಹಾಡುವವರ ಬಾಯಿ ತೆರೆದಂತೆಯೇ ನಿಂತಿತು. ಯಾರೋ ಕಿಸಕ್ಕೆಂದರು. ಪಾದ್ರಿಗಳು ತಾವೇ ಹಿಂದಿನ ಕೋಣೆಯ ಬಾಗಿಲು ತೆರೆದರು.

"ಅಮ್ಮಾ, ಬಿಳಿ ಹಾಸು ಎಲ್ಲಿದೆ?"

ದೊಡ್ಡಮ್ಮ ಒದ್ದೆ ಕೈಯಲ್ಲೇ ಈಚೆ ಬಂದಳು. ಬಲಿಪೀಠ ನೋಡಿದವಳ ಮುಖ ಬಿಳಿಚಿಕೊಂಡಿತು. "ನನ್ನ ಕೈಗೆ ಏನಾಗಿತ್ತೋ ಅಯ್ಯನವರೇ… ನಲವತ್ತು ದಿನ ಇದನ್ನೇ ಹಾಕಿದ್ದೆ, ಅದೇ ರೂಢಿ…" ಎನ್ನುತ್ತ ಕಣ್ಣೊರೆಸಿಕೊಂಡು ಒಳಗೆ ಓಡಿದಳು.

ಬಿಳಿ ಹಾಸು ಸುತ್ತಿದ್ದ ಕೊಳವೆ ತಂದಳು. ಎರಡಾಳುದ್ದದ ಹಾಸು, ಪ್ರತಿ ಸಲವೂ ಕುರ್ಚಿಗೆ ಒಂದು ತುದಿ ಕಟ್ಟಿ ಒಬ್ಬಳೇ ಹಾಸುತ್ತಿದ್ದವಳು. ಆವತ್ತು ಇನ್ನೊಂದು ತುದಿಯನ್ನು ಪಾದ್ರಿಗಳು ಹಿಡಿದರು. ಹಿಡಿಯಲು ಬರಲಿಲ್ಲ, ಸೊಟ್ಟಗೆಳೆದರು.

"ಹಾಗಲ್ಲ, ನೆರಿಗೆ ಬೀಳತ್ತೆ! ನಿಧಾನಕ್ಕೆ ಬಿಡಿ" ಎಂದು ಅಳುತ್ತಲೇ ಗದರಿದಳು. ಇಡೀ ಸಭೆ ಉಸಿರು ಬಿಗಿಹಿಡಿದು ನೇರಳೆ ಹೋಗಿ ಬಿಳಿ ಬರುವುದನ್ನು ನೋಡಿತು. ಕೊನೆಯ ಸುಕ್ಕನ್ನು ಅವಳು ಅಂಗೈಯಿಂದ ಸವರಿದಾಗ ಯಾರೂ ಹೇಳದೆಯೇ ಹಾಡು ಎದ್ದಿತು. ಅಷ್ಟು ಜೋರಾದ ಹಾಡನ್ನು ಆ ಚರ್ಚಿನಲ್ಲಿ ನಾನು ಕೇಳಿರಲಿಲ್ಲ.

ದೊಡ್ಡಮ್ಮ ಹಿಂದಿನ ಕೋಣೆಯತ್ತ ಹೊರಟಳು. ಪಾದ್ರಿಗಳು ತಡೆದು ಮುಂದಿನ ಬೆಂಚು ತೋರಿಸಿದರು. "ಲೋಟ ನಾವು ತೊಳ್ಕೋತೀವಿ. ಕೂತ್ಕೊಳ್ಳಿ."

ಅವಳು ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎರಡನೆಯ ಚರಣ ಮುಗಿಯುವುದರೊಳಗೆ ಅವಳ ತಲೆ ನನ್ನ ಹೆಗಲಿಗೆ ಬಿತ್ತು. ಗೊರಕೆಯೂ ಬಂತು. ಎಬ್ಬಿಸಲೇ ಎಂದುಕೊಂಡೆ, ಮನಸ್ಸಾಗಲಿಲ್ಲ. ಹಾಡು, ಪ್ರಸಂಗ, ಗಂಟೆ, ಎಲ್ಲವೂ ಅವಳ ತಲೆಯ ಮೇಲಿಂದ ಹಾದುಹೋದವು. ಜನ ಎದ್ದು ಹೊರಡುವ ಸದ್ದಿಗೆ ಕಣ್ಣು ಬಿಟ್ಟಳು.

"ಮುಗೀತಾ?"

"ಮುಗೀತು ದೊಡ್ಡಮ್ಮ."

ಅವಳು ಬಲಿಪೀಠವನ್ನು ನೋಡಿದಳು. ಬಿಳಿಯ ಮೇಲೆ ಆಗಲೇ ನಾಲ್ಕು ಹನಿ ಮೇಣ ಬಿದ್ದಿತ್ತು.

ಮನೆಗೆ ಬಂದಾಗ ದೊಡ್ಡಪ್ಪ ಎಚ್ಚರವಿದ್ದರು. ಅವಳು ಮುಂದಿನ ಬೆಂಚಿನಲ್ಲಿ ಕೂತಿದ್ದಳೆಂದು ನಾನು ಹೇಳಿದೆ. ಅವರ ಅರ್ಧ ಮುಖ ಅರಳಿತು. "ಹೆ… ಹೇಗಿತ್ತು?" ಎಂದು ಕಷ್ಟಪಟ್ಟು ಕೇಳಿದರು.

ದೊಡ್ಡಮ್ಮ ಅವರ ಕೆಳಗಿನ ಒದ್ದೆ ಬಟ್ಟೆ ಎಳೆಯುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಒಂದು ಚೂರೂ ಬಿಡದೆ ಕೇಳಿದೆ ಕಣ್ರೀ" ಎಂದಳು. "ತುಂಬಾ ಚೆನ್ನಾಗಿತ್ತು."