ಕಪಾಟಿನಲ್ಲಿರುವ ನಿಮ್ಮ ಲಿಂಗಗಳು

ಚಿನ್ನೀ, ಪುಟ್ಟಾ,

ನಾನು ದಿನಾ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುವುದನ್ನು ನೀವು ನೋಡಿದ್ದೀರಿ. ಆಮೇಲೆ ಕಪಾಟಿನಿಂದ ಇನ್ನೆರಡು ಲಿಂಗ ತೆಗೆದು ನೀರೆರೆದು ವಿಭೂತಿ ಹಚ್ಚುತ್ತೇನೆ. ಅವು ನಿಮ್ಮವು.

ಮದುವೆಯಾಗಿ ಮರಾಠಿ ಮಾತಿನ ಈ ಊರಿನ ಸದಾಶಿವ ಪೇಠಕ್ಕೆ ಬಂದಾಗ ನನಗೆ ಹಳ್ಳಿ ಶಾಲೆಯ ನಾಲ್ಕನೆಯ ಇಯತ್ತೆಯ ಕನ್ನಡ ಬಿಟ್ಟರೆ ಏನೂ ಬರುತ್ತಿರಲಿಲ್ಲ. ರಿಕ್ಷಾದವನಿಗೆ ನಿಲ್ಲಿಸು ಎನ್ನಲು ನಾಚಿ, ಮನೆ ದಾಟಿ ಹೋಗಿ ಇಳಿದು, ನಡೆದು ವಾಪಸು ಬರುತ್ತಿದ್ದೆ. ನಿಮ್ಮವ್ವ ನನ್ನಂತಾಗಬಾರದೆಂದು ಐದು ವರ್ಷಕ್ಕೇ ಅವಳೊಬ್ಬಳನ್ನೇ ಕೊತ್ತಂಬರಿ ತರಲು ಕಳಿಸಿ, ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಯಾವ ಫ್ರಾಕು, ಯಾವ ಕಾಲೇಜು, ಯಾರೊಡನೆ ಮದುವೆ, ಏನು ಕೇಳಿದರೂ "ನಿನಗ ಹೆಂಗ ಕಾಣ್ತದ ಹಂಗ ಮಾಡವ್ವಾ" ಎನ್ನುತ್ತಿದ್ದೆ.

"ನಾಳೆ ನಿನ್ನ ಮಾತೂ ಕೇಳೂದಿಲ್ಲ ನೋಡ ಈಕಿ" ಎಂದು ನಿಮ್ಮ ಅಜ್ಜ ಚೇಷ್ಟೆ ಮಾಡುತ್ತಿದ್ದರು.

"ಕೇಳದಿದ್ರೂ ನಡೀತದ್ರಿ" ಎಂದಿದ್ದೆ.

ಚಿನ್ನಿ ಹುಟ್ಟಿದಾಗ ಅಜ್ಜ ಇರಲಿಲ್ಲ. ನಮ್ಮಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ. ಊರಿನ ಮಠದ ಅಯ್ಯನವರಿಂದ ತರಿಸಿ ನಿಮ್ಮವ್ವನ ಮುಂದಿಟ್ಟೆ.

"ಬ್ಯಾಡವ್ವಾ. ದೊಡ್ಡಾಕಿ ಆಗ್ಲಿ, ಬೇಕಂದ್ರ ಆಕೀನ ಕಟ್ಕೋತಾಳ."

"ಕೂಸಿಗೇನ್ ತಿಳೀತದ?"

"ಅದಕ್ಕ ಬ್ಯಾಡ ಅಂದೆ. ನನಗ ಎಲ್ಲಾ ನೀನ ಆರಿಸ್ಕೋ ಅಂದಾಕಿ ನೀನ ಅಲ್ಲೇನು?"

ಲಿಂಗವನ್ನು ಒಯ್ದು ಕಪಾಟಿನಲ್ಲಿಟ್ಟೆ. ರಜೆ ಮುಗಿದು ಅವಳು ಖರಾಡಿಯ ಆಫೀಸಿಗೆ ಹೋಗತೊಡಗಿದ ಮೇಲೆ ಒಂದು ಮಧ್ಯಾಹ್ನ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಕಟ್ಟಿದೆ. ಸಂಜೆ ಬಂದು ನೋಡಿದಳು. ಸಿಟ್ಟಾಗಲಿಲ್ಲ. ಬಿಚ್ಚಿ ನನ್ನ ಕೈಯಲ್ಲಿಟ್ಟು, "ಚಹಾ ಮಾಡ್ಲೇನವ್ವಾ?" ಎಂದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಪುಟ್ಟ ಹುಟ್ಟಿದಾಗ ಇನ್ನೊಂದು ತರಿಸಿದೆ. ತೋರಿಸಲಿಲ್ಲ.

ಬೇರೆಯವರ ಲಿಂಗಕ್ಕೆ ನಾನು ನೀರೆರೆಯಬಹುದೋ ಇಲ್ಲವೋ ತಿಳಿಯದು. ಅಯ್ಯನವರನ್ನು ಕೇಳಲು ನಾಚಿಕೆ. ನನ್ನ ಲಿಂಗ ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಆಮೇಲೆ ಇವೆರಡನ್ನು ಯಾರು ನೋಡುತ್ತಾರೆ? ಕಪಾಟು ಖಾಲಿ ಮಾಡುವವರು ಕರಿ ಕಲ್ಲೆಂದು ಎಸೆದುಬಿಟ್ಟರೆ?

ಹೋದ ಶ್ರಾವಣದಲ್ಲಿ ಪುಟ್ಟ ಕೇಳಿದ: "ಅಜ್ಜಿ, ಎಲ್ಲಾರಿಗೂ ಒಂದ ಇರ್ತದಂತಲ್ಲಾ, ನಿನಗ್ಯಾಕ ಮೂರು?" ಚಿನ್ನಿಯೂ ತಿರುಗಿ ನೋಡಿದಳು. ಎಷ್ಟೋ ವರ್ಷದಿಂದ ಆ ಪ್ರಶ್ನೆಗಾಗಿ ಕಾದಿದ್ದೆ. ಅಡಿಗೆಮನೆಯಲ್ಲಿ ನಿಮ್ಮವ್ವ ಇದ್ದಳು. "ಸುಮ್ನಪಾ" ಎಂದುಬಿಟ್ಟೆ.

ಕಟ್ಟಿಕೊಳ್ಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಬಿಟ್ಟುಬಿಡಿ ಎನ್ನಲು ಮನಸ್ಸು ಬರುವುದಿಲ್ಲ. ಅದಕ್ಕೇ ಬರೆದೆ. ಆದರೆ ನಿಮಗೆ ಕನ್ನಡ ಓದಲು ಬಾರದು, ನನಗೆ ಬೇರೆ ಬರೆಯಲು ಬಾರದು. ನಿಮ್ಮವ್ವನಿಗೆ ಅಕ್ಷರ ನಾನೇ ಕಲಿಸಿದ್ದೆ, ಅವಳೇ ಓದಿ ಹೇಳಬೇಕು. ಎಲ್ಲವನ್ನೂ ಓದುತ್ತಾಳೋ, ನಡುವೆ ಬಿಡುತ್ತಾಳೋ, ಅದೂ ನನ್ನ ಕೈಯಲ್ಲಿಲ್ಲ.

ಈ ಹಾಳೆಗಳನ್ನು ಆ ಎರಡು ಲಿಂಗಗಳ ಕೆಳಗೆ ಮಡಚಿ ಇಡುತ್ತಿದ್ದೇನೆ. ಲಿಂಗ ಬೇಡವೆನಿಸಿದರೂ ಹಾಳೆಗಳನ್ನಾದರೂ ಜೋಪಾನ ಮಾಡಿರಪ್ಪಾ.