ಚಿಕ್ಕವಳು ಆರಿಸಿದ ಯಂತ್ರ

ಚಿಕ್ಕವಳ ಸುದ್ದಿ ದೊಡ್ಡವಳ ಕಿವಿಗೆ ಮೊದಲು ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅತ್ತೆ ಹಿತ್ತಿಲ ಬಾಗಿಲಿಗೆ ಒರಗಿ ನಿಂತು, "ನಿನ್ನ ಮೈದುನನಿಗೆ ಹೆಣ್ಣು ಗೊತ್ತಾಯಿತು. ಹತ್ತಿ ಗಿರಣಿಯಲ್ಲಿ ನೂಲು ತೆಗೆಯೋ ಹುಡುಗಿ. ಒಳ್ಳೆಯವಳೇ, ಆದರೆ ಗಂಟಲು ದೊಡ್ಡದು" ಅಂದರು.

"ಎಷ್ಟು ದೊಡ್ಡದು ಅತ್ತೆ?"

"ಮಾತುಕತೆ ನಡೆದದ್ದು ಒಳಗಿನ ಕೋಣೆಯಲ್ಲಿ. ಕೇಳಿಸಿಕೊಂಡು ಒಪ್ಪಿಗೆ ಕೊಟ್ಟದ್ದು ಬೀದಿಯವರೆಲ್ಲ."

ದೊಡ್ಡವಳು ಕೈಯಲ್ಲಿದ್ದ ಅಂಗಿಯನ್ನು ಕಲ್ಲಿನ ಮೇಲೆ ಬಿಟ್ಟು ನಕ್ಕಳು. ಒಳಗೊಳಗೆ ಮಾತ್ರ, ಬರಲಿ ನೋಡೋಣ, ಒಂದು ಮನೆಗೆ ಎರಡು ಬಾಯಿ ಹೆಚ್ಚಾಗುತ್ತೋ ಸಾಲುತ್ತೋ ಅಂದುಕೊಂಡಳು.

ಬಂದಳು. ಹಿರಿಯ ಸೊಸೆ ದೊಡ್ಡವಳು, ಕಿರಿಯ ಸೊಸೆ ಚಿಕ್ಕವಳು ಅಂತ ಅತ್ತೆ ಕರೆದರು. ಅತ್ತೆ ಕರೆದದ್ದನ್ನೇ ಬೀದಿಯೂ ಕರೆಯಿತು, ಅವರ ನಿಜವಾದ ಹೆಸರು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ ಅಲ್ಲೇ ಉಳಿಯಿತು. ಚಿಕ್ಕವಳ ಗಂಟಲು ದೊಡ್ಡದಾದದ್ದು ಗಿರಣಿಯಿಂದ. ಅಲ್ಲಿ ಸಾಲುಸಾಲು ಯಂತ್ರಗಳು ಒಟ್ಟಿಗೆ ಅರಚುತ್ತಿದ್ದವು. ಪಕ್ಕದವಳ ಹತ್ತಿರ ನೀರು ಕೇಳಬೇಕಾದರೂ ಕಾಡಿನಲ್ಲಿ ದಾರಿ ತಪ್ಪಿದವರ ಹಾಗೆ ಕೂಗಬೇಕಿತ್ತು. ಪಾಳಿ ಮುಗಿಸಿ ಬಂದಾಗ ಅವಳ ತಲೆ, ಹುಬ್ಬು, ರೆಪ್ಪೆ ಎಲ್ಲ ಹತ್ತಿಯ ನಾರು ಮೆತ್ತಿ ಬೆಳ್ಳಗಾಗಿರುತ್ತಿತ್ತು. "ಸೊಸೆಯನ್ನು ತಂದೆನೋ, ನನಗೇ ಒಬ್ಬ ಅತ್ತೆಯನ್ನು ತಂದೆನೋ" ಅಂತ ಮುದುಕಿ ಗೊಣಗುತ್ತಿದ್ದರು. ಚಿಕ್ಕವಳು ಸೆರಗಿನಿಂದ ತಲೆ ಕೊಡವಿ, "ಈಗ ಸೊಸೆ ಕಾಣಿಸಿದಳಾ?" ಅನ್ನುತ್ತಿದ್ದಳು. ನಾರೆಲ್ಲ ಅತ್ತೆಯ ಮಡಿಲಿಗೆ ಬೀಳುತ್ತಿತ್ತು.

ಗಿರಣಿ ಅವಳಿಗೆ ಗಂಟಲಿನ ಜೊತೆ ಒಂದು ನಿಯಮವನ್ನೂ ಕೊಟ್ಟಿತ್ತು. ಓಡುವ ಯಂತ್ರವನ್ನು ಬಿಟ್ಟು ಹೋಗಬಾರದು. ಅವಳ ಎದುರು ಸಾಲಿನ ಹೆಂಗಸೊಬ್ಬಳು ಒಂದು ದಿನ ನೀರು ಕುಡಿದು ಬರುತ್ತೇನೆ ಅಂತ ಹೋದಳು. ಅಷ್ಟರಲ್ಲಿ ಉರುಳೆಗೆ ನಾರು ಸುತ್ತಿ ಸುತ್ತಿ ಬಿಸಿಯಾಗಿ ಹೊಗೆ ಎದ್ದು ಬೆಂಕಿ ಹಿಡಿಯಿತು. ಚಿಕ್ಕವಳೇ ಗೋಣಿ ಒದ್ದೆ ಮಾಡಿ ಬಡಿದು ಆರಿಸಿದಳು, ಆ ಸುಟ್ಟ ಕಲೆ ಮುಂಗೈಯಲ್ಲಿ ಕೊನೆಯವರೆಗೂ ಇತ್ತು. ಆಮೇಲೆ ಮನೆಯಲ್ಲಿ ಹೊಲಿಗೆ ಯಂತ್ರ ಓಡಿದರೂ ಸರಿ, ಬಟ್ಟೆ ಒಗೆಯುವ ಯಂತ್ರ ಗುರ್ ಅಂದರೂ ಸರಿ, ಮುಗಿಯುವ ತನಕ ಸ್ಟೂಲು ಹಾಕಿಕೊಂಡು ಎದುರು ಕೂರುತ್ತಿದ್ದಳು. ಅಡಿಗೆ ಹೊತ್ತಿದರೂ ಏಳುತ್ತಿರಲಿಲ್ಲ.

ಗಿರಣಿ ಮುಚ್ಚಿತು. ಅತ್ತೆ ಹೋದರು. ಇಬ್ಬರ ಗಂಡಂದಿರೂ ಒಬ್ಬರ ಹಿಂದೆ ಒಬ್ಬರು ಹೋದರು. ಗಿರಣಿಯವರು ಕಟ್ಟಿಸಿದ್ದ ಸಾಲುಮನೆಯಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಮುಂದೊಂದು ಜಗುಲಿ. ಅದರಲ್ಲಿ ವಾರಗಿತ್ತಿಯರಿಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದಾಡಿಕೊಂಡು ಚೆನ್ನಾಗಿಯೇ ಇದ್ದರು. ಒಬ್ಬಳು ಕಿಟಕಿ ತೆಗೆದರೆ ಇನ್ನೊಬ್ಬಳು ಹಾಕುವಳು. ಊಟ ಮಾತ್ರ ಒಟ್ಟಿಗೆ.

ಹಿಂದೆ ಗಿರಣಿಯಲ್ಲಿ ನುಂಗಿದ ಹತ್ತಿ ಚಿಕ್ಕವಳ ಎದೆಯಲ್ಲಿ ಈಗ ಲೆಕ್ಕ ಕೇಳಲು ಶುರು ಮಾಡಿತು. ಕೆಮ್ಮು ಹಿಡಿದರೆ ಬಿಡದು. ಡಾಕ್ಟರು ಉಸಿರಿನ ಬಲ ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಊದಿಸಿದರು, ಅದರ ಮೇಲಿನ ಮುಳ್ಳು ಅರ್ಧ ದಾರಿಗೂ ಏರಲಿಲ್ಲ. "ಮನೆಯಲ್ಲಿ ಧೂಳು ಏಳಬಾರದು. ಪೊರಕೆ ಎದ್ದರೆ ಇವರ ಕೆಮ್ಮೂ ಏಳುತ್ತೆ" ಅಂದರು. ಒದ್ದೆ ಬಟ್ಟೆಯಲ್ಲಿ ಒರೆಸೋಣ ಅಂದರೆ ದೊಡ್ಡವಳ ಮಂಡಿ ಬಗ್ಗದು, ಚಿಕ್ಕವಳನ್ನು ಉಸಿರು ಬಗ್ಗಲು ಬಿಡದು.

ಚಿಕ್ಕವಳ ಮಗಳು ಪಕ್ಕದ ಪಟ್ಟಣದಲ್ಲಿ ದಾದಿ. ಬಂದವಳು ಗೋಡೆಯ ಮೂಲೆಗೆ ಬೆರಳು ಎಳೆದು ನೋಡಿ, "ಅಮ್ಮ, ನನ್ನ ಜೊತೆ ಬಂದುಬಿಡು" ಅಂದಳು.

"ನಿನ್ನ ಮನೇಲಿ ನಾನು ಬಾಯಿ ತೆಗೆದರೆ ಮೇಲಿನ ಮನೆಯವರು ನೆಲ ಕುಟ್ಟುತ್ತಾರೆ, ಕೆಳಗಿನ ಮನೆಯವರು ಚಾವಣಿ ಕುಟ್ಟುತ್ತಾರೆ. ನಾನೇನು ಅವಲಕ್ಕಿಯಾ, ಎರಡೂ ಕಡೆ ಕುಟ್ಟಿಸಿಕೊಳ್ಳೋಕೆ?"

"ತಮಾಷೆ ಸಾಕು. ಕಸ ಗುಡಿಸೋ ರೋಬೋಟು ಬಂದಿವೆ, ಧೂಳು ಎಬ್ಬಿಸದೆ ಹೀರಿಕೊಳ್ಳುತ್ತವೆ. ಒಂದು ತಂದು ನೋಡೋಣ. ಮುಂದಿನ ತಿಂಗಳು ಬಂದಾಗ ಮುಳ್ಳು ಮೇಲೆ ಏರಿರಬೇಕು. ಇಲ್ಲದಿದ್ದರೆ ನಿನ್ನ ಮಾತು ಕೇಳೋದಿಲ್ಲ, ಕರಕೊಂಡು ಹೋಗೋದೇ."

ದೊಡ್ಡವಳು ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಚಿಕ್ಕವಳು ಹೋದರೆ ಈ ಮನೆಯಲ್ಲಿ ಕಿಟಕಿ ತೆಗೆಯುವವಳೂ ತಾನೇ, ಹಾಕುವವಳೂ ತಾನೇ ಅಂತ ಅವಳಿಗೆ ಹೊಳೆಯಿತು. ಹಾಲು ಉಕ್ಕಿತು.

ಆರಿಸುವುದಕ್ಕೆ ಮೂವರೂ ಅಂಗಡಿಗೆ ಹೋದರು. ದೊಡ್ಡವಳು ಬರಿಗೈಲಿ ಹೋಗುವ ಹೆಂಗಸಲ್ಲ. ಮಂಚದ ಕೆಳಗಿನ ಎತ್ತರಕ್ಕೆ ಒಂದು ದಾರ, ಹೊಸ್ತಿಲಿನ ಎತ್ತರಕ್ಕೆ ಇನ್ನೊಂದು ದಾರ ಕತ್ತರಿಸಿಕೊಂಡಿದ್ದಳು. ಕಾಗದದ ಪೊಟ್ಟಣದಲ್ಲಿ ಮನೆಯದೇ ಕಸವನ್ನೂ ಕಟ್ಟಿಕೊಂಡಿದ್ದಳು.

ಅಂಗಡಿಯ ಹೆಣ್ಣುಮಗಳು ನೆಲದ ಮೇಲೆ ಬಣ್ಣದ ಕಾಗದದ ಚೂರು ಚೆಲ್ಲಿ ಯಂತ್ರ ಬಿಟ್ಟು ತೋರಿಸಿದಳು. ಚಿಕ್ಕವಳು, "ಇದು ಮದುವೆ ಮನೆ ಕಸ ತಾಯಿ. ನಮ್ಮದು ಮುದುಕಿಯರ ಮನೆ. ಕೊಡಕ್ಕಾ ನಮ್ಮದನ್ನ" ಅಂದಳು. ಅಂಗಡಿಯ ಆ ತುದಿಯವರೂ ತಿರುಗಿ ನೋಡಿದರು. ಪೊಟ್ಟಣದಿಂದ ಉದ್ದುದ್ದ ಬಿಳಿ ಕೂದಲು, ಬ್ರೆಡ್ಡಿನ ಪುಡಿ, ಬೀದಿ ಮಣ್ಣು ಬಿದ್ದವು. ಅಂಗಡಿಯವಳು ಬೇಸರಿಸಲಿಲ್ಲ. "ಎಲ್ಲರೂ ಹೀಗೆ ತಂದರೆ ನನ್ನ ಕೆಲಸ ಹಗುರ" ಅಂದಳು.

ಒಂದೊಂದೇ ಸೋತವು. ಒಂದಕ್ಕೆ ಹೊಸ್ತಿಲು ಹತ್ತಲಾಗದು. ಒಂದನ್ನು ಫೋನಿನಿಂದಲೇ ಎಬ್ಬಿಸಬೇಕು, ಮೈಮೇಲೆ ಗುಂಡಿಯೇ ಇಲ್ಲ. "ಇದನ್ನು ಎಬ್ಬಿಸೋಕೆ ಮೊದಲು ಇನ್ನೊಬ್ಬರನ್ನು ಎಬ್ಬಿಸಬೇಕಲ್ಲ" ಅಂದಳು ದೊಡ್ಡವಳು. ಕೊನೆಗೆ ಎರಡು ಉಳಿದವು. ಒಂದು ತೆಳ್ಳಗೆ, ತಟ್ಟೆಯ ಹಾಗೆ. ಮಂಚದ ಕೆಳಗೆ ಸಲೀಸಾಗಿ ಹೋಗುತ್ತಿತ್ತು, ಆದರೆ ಧೂಳು ತುಂಬಿದ ಡಬ್ಬಿಯನ್ನು ನಾವೇ ತೆಗೆದು ಸುರಿಯಬೇಕು. ಇನ್ನೊಂದರ ನೆತ್ತಿಯ ಮೇಲೆ ಉಬ್ಬಿದ ಒಂದು ಗುಬುಟು. ಅದು ಕೆಲಸ ಮುಗಿಸಿ ತನ್ನ ಗೂಡಿಗೆ ಹೋಗಿ ನಿಂತರೆ, ಗೂಡೇ ಧೂಳನ್ನು ಎಳೆದು ಒಂದು ಮುಚ್ಚಿದ ಚೀಲಕ್ಕೆ ತುಂಬಿಕೊಳ್ಳುತ್ತಿತ್ತು.

"ಕೆಮ್ಮಿನವರಿಗೆ ಚೀಲದ್ದೇ ಒಳ್ಳೆಯದು" ಅಂದಳು ಅಂಗಡಿಯವಳು.

ಚಿಕ್ಕವಳು ತಲೆ ಆಡಿಸಿದಳು. "ಮುಚ್ಚಿದ ಚೀಲದಲ್ಲಿ ಏನಿದೆ ಅಂತ ಯಾರು ಕಂಡರು? ಕೆಲಸಕ್ಕೆ ಬಂದವನು ದಿನಕ್ಕೆ ಎಷ್ಟು ಮಾಡಿದ ಅಂತ ಕಣ್ಣಿಗೆ ಕಾಣಬೇಕು. ಡಬ್ಬಿಯದ್ದು ಕೊಡು." ದೊಡ್ಡವಳ ದಾರವೂ ಅವಳ ಪರವಾಗಿಯೇ ಸಾಕ್ಷಿ ಹೇಳಿತು, ಗುಬುಟಿನದ್ದು ಮಂಚದ ಕೆಳಗೆ ಹೋಗುವಂತಿರಲಿಲ್ಲ. ಡಬ್ಬಿಯದ್ದೇ ಮನೆಗೆ ಬಂತು.

ಯಂತ್ರ ಒಳ್ಳೆಯದೇ. ಬೆಳಗಿನ ಟೀ ಆದಮೇಲೆ ಗುಂಡಿ ಒತ್ತಿದರೆ ಗೋಡೆ ಸವರಿಕೊಂಡು, ಕುರ್ಚಿ ಕಾಲಿಗೆ ಮುತ್ತಿಟ್ಟುಕೊಂಡು, ಅಡಿಗೆಮನೆ ಸುತ್ತಿ ಬರುತ್ತಿತ್ತು. ನೆಲ ಕನ್ನಡಿಯ ಹಾಗಾಯಿತು. ದೊಡ್ಡವಳು ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತ, ಇಷ್ಟು ಕಾಲ ಬೆನ್ನು ಮುರಿದುಕೊಂಡದ್ದಕ್ಕೆ ಬೈಯುವುದಾದರೂ ಯಾರನ್ನು ಅಂತ ಯೋಚಿಸಿದಳು.

ಆದರೆ ಕೆಮ್ಮು ಹೆಚ್ಚಿತು. ಕೊಳವೆ ಊದಿದರೆ ಮುಳ್ಳು ಮೊದಲಿಗಿಂತ ಕೆಳಗೇ ನಿಂತಿತು. ಚಿಕ್ಕವಳು ಕೊಳವೆಯನ್ನು ಬಟ್ಟೆಯಡಿ ಬಚ್ಚಿಟ್ಟು, "ಹಾಳು ಕೊಳವೆ, ಅದರ ಮುಳ್ಳಿಗೇ ಉಬ್ಬಸ" ಅಂದಳು. ಮಗಳು ಬರುವ ದಿನ ಹತ್ತಿರವಾಗುತ್ತಿತ್ತು. ಚಿಕ್ಕವಳು ನಗುತ್ತಲೇ ಇದ್ದಳು, ಆದರೆ ಒಂದು ಮಧ್ಯಾಹ್ನ ಅವಳು ತನ್ನ ಬಟ್ಟೆಗಳನ್ನು ಸುಮ್ಮನೆ ಮಡಿಸಿ ಇಡುವುದನ್ನು ದೊಡ್ಡವಳು ಕಂಡಳು.

ಮರುದಿನ ಬೆಳಗ್ಗೆ ದೊಡ್ಡವಳು ಬಟಾಣಿ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಯಂತ್ರವನ್ನಲ್ಲ, ಚಿಕ್ಕವಳನ್ನು ನೋಡಿದಳು.

ಯಂತ್ರ ಹೋದಲ್ಲೆಲ್ಲ ಚಿಕ್ಕವಳು ಹಿಂದೆಯೇ. ಅದು ಮೂಲೆಗೆ ಹೋದರೆ ಇವಳೂ ಮೂಲೆಗೆ. ಅದು ಮಂಚದ ಕೆಳಗೆ ನುಗ್ಗಿದರೆ ಇವಳು ನೆಲಕ್ಕೆ ಕೆನ್ನೆ ಹಚ್ಚಿ ಇಣುಕುವಳು. ಅದರ ಹಿಂಭಾಗದಿಂದ ಬಿಸಿಗಾಳಿ ನೇರ ಮುಖಕ್ಕೆ. ಅದು ನಿಂತ ಕೂಡಲೇ ಡಬ್ಬಿ ತೆಗೆದು, ಮೂಗಿನ ಹತ್ತಿರ ಹಿಡಿದು, ಬೆರಳು ಹಾಕಿ ಕೆದಕಿ, "ಇವತ್ತು ಚೆನ್ನಾಗಿ ದುಡಿದಿದ್ದಾನೆ" ಅನ್ನುವಳು. ಆಮೇಲೆ ಕಾಗದಕ್ಕೆ ಕುಟ್ಟಿ ಸುರಿಯುವಳು. ಬಿಸಿಲಲ್ಲಿ ಧೂಳು ಹೊಗೆಯ ಹಾಗೆ ಎದ್ದು ಅವಳ ತಲೆ ಸುತ್ತಿತು.

"ಏ ಚಿಕ್ಕವಳೇ" ಅಂದಳು ದೊಡ್ಡವಳು. "ಅದು ಮನೆಯೆಲ್ಲ ಸುತ್ತಿ ಕಷ್ಟಪಟ್ಟು ಕೂಡಿ ಹಾಕೋದು, ನೀನು ಒಂದೇ ಗುಟುಕಿಗೆ ಕುಡಿಯೋದು. ಚೆನ್ನಾಗಿದೆ ನಿಮ್ಮ ಪಾಲುಗಾರಿಕೆ."

"ಮತ್ತೆ ಬಿಟ್ಟು ಹೋಗಲಾ? ಓಡೋ ಯಂತ್ರಾನ?"

"ಬಿಡೋದಕ್ಕೇ ಅಲ್ಲವಾ ಅದನ್ನ ತಂದದ್ದು?"

"ನಾರು ಸುತ್ತಿಕೊಂಡರೆ?"

"ತಾನೇ ನಿಲ್ಲುತ್ತೆ ಅಂತ ಅಂಗಡಿಯವಳು ಹೇಳಲಿಲ್ಲವಾ?"

"ಗಿರಣಿಗೆ ಯಂತ್ರ ತಂದವರೂ ಹಾಗೇ ಹೇಳಿದ್ದರಂತೆ" ಅಂದಳು ಚಿಕ್ಕವಳು, ಮುಂಗೈಯ ಕಲೆ ಮುಂದೆ ಚಾಚಿ. ಅವಳ ಗಂಟಲು ಸಣ್ಣದಾದದ್ದನ್ನು ದೊಡ್ಡವಳು ಅವತ್ತೇ ಮೊದಲು ಕೇಳಿದ್ದು. "ನಾನು ಕೂರೋಕೆ ಆಗೋದಿಲ್ಲ ಅಕ್ಕ. ಕಾಲು ತಾನಾಗೇ ಹೋಗುತ್ತೆ."

ಇದು ಬುದ್ಧಿ ಹೇಳಿ ಕಳೆಯುವ ಭಯವಲ್ಲ ಅಂತ ದೊಡ್ಡವಳಿಗೆ ತಿಳಿಯಿತು. ಹಠಕ್ಕೆ ಹಠ ಹೂಡಿದರೆ ಗೆಲ್ಲುವುದು ಮಗಳು. ದೊಡ್ಡವಳು ಬಾಗಿಲ ಚೌಕಟ್ಟು ಸವರುತ್ತ, "ನಿಮ್ಮ ಗಿರಣಿಯಲ್ಲಿ ಮೇಸ್ತ್ರಿ ಎಲ್ಲಿ ಕೂರುತ್ತಿದ್ದ?" ಅಂತ ಕೇಳಿದಳು.

"ಹೊರಗೆ, ಗಾಜಿನ ಕೋಣೆಯಲ್ಲಿ. ಯಾಕೆ?"

"ಅವನು ಯಂತ್ರದ ಹಿಂದೆ ಓಡುತ್ತಿದ್ದನಾ?"

"ಅವನ್ಯಾಕೆ ಓಡ್ತಾನೆ? ಅಲ್ಲಿಂದಲೇ ಕೇಳಿಸಿಕೊಂಡು ಬೈಯುತ್ತಿದ್ದ."

"ಸರಿ. ಇವತ್ತಿನಿಂದ ಜಗುಲಿ ನಿನ್ನ ಗಾಜಿನ ಕೋಣೆ. ಯಂತ್ರದ ಹತ್ತಿರ ನಾನು ನಿಲ್ಲುತ್ತೀನಿ, ಕಣ್ಣು ತೆಗೆಯೋದಿಲ್ಲ. ನೀನು ಹೊರಗೆ ಕೂತು ಬೈಯಿ. ಬೈಯೋದು ನಿನಗೆ ಯಾರೂ ಕಲಿಸಬೇಕಾಗಿಲ್ಲ."

ಚಿಕ್ಕವಳು ಡಬ್ಬಿಯನ್ನು ಕೆಳಗಿಟ್ಟಳು. ಗಿರಣಿಯಲ್ಲಿ ಹೆಂಗಸರನ್ನು ಮೇಸ್ತ್ರಿ ಮಾಡಿದ ಉದಾಹರಣೆಯೇ ಇರಲಿಲ್ಲ. "ನಿಲ್ಲುತ್ತೀಯಾ? ಮಂಡಿ?"

"ಸ್ಟೂಲಿದೆಯಲ್ಲ."

ಅವತ್ತೇ ಯಂತ್ರವನ್ನು ಡಬ್ಬದಲ್ಲಿಟ್ಟು ಅಂಗಡಿಗೆ ಹೊತ್ತರು. ಬದಲಾಯಿಸಿಕೊಡುವ ಗಡುವು ಇನ್ನೂ ಇತ್ತು. ಅಂಗಡಿಯವಳು ನಾನು ಹೇಳಿದ್ದೆನಲ್ಲ ಅನ್ನಲಿಲ್ಲ. ಚಿಕ್ಕವಳೇ, "ನೀನು ಹೇಳಿದ್ದೆ, ನನ್ನ ಕಿವಿಗೆ ಹತ್ತಿ ತುಂಬಿತ್ತು" ಅಂದಳು. ಗುಬುಟಿನದ್ದು ಗೂಡಿನ ಸಮೇತ ಮನೆಗೆ ಬಂತು. ಮಂಚದ ಎತ್ತರ ಸಾಲದ್ದಕ್ಕೆ ಬೀದಿಯ ಬಡಗಿ ಬಂದು ಕಾಲುಗಳ ಕೆಳಗೆ ಮರದ ತುಂಡು ಕೊಟ್ಟ. ಚಿಕ್ಕವಳು ಮಂಚದ ಮೇಲೆ ಕೂತರೆ ಪಾದ ನೆಲಕ್ಕೆ ತಾಗದೆ ತೂಗಾಡಿದವು. "ಮಂಚಕ್ಕೆ ಎತ್ತರದ ಚಪ್ಪಲಿ ಹಾಕಿಸಿದೆಯಲ್ಲ ಅಕ್ಕ. ಇನ್ನು ನನಗೆ ಏಣಿ ಮಾಡಿಸು."

ಮರುಬೆಳಗ್ಗೆ ಜಗುಲಿಯಲ್ಲಿ ಕುರ್ಚಿ ಬಿತ್ತು. ಒಳಗೆ ಯಂತ್ರ, ಸ್ಟೂಲಿನ ಮೇಲೆ ದೊಡ್ಡವಳು, ಮುಚ್ಚಿದ ಕಿಟಕಿಯ ಆಚೆ ಮೇಸ್ತ್ರಿ. ಮೊದಲ ದಿನ ಕುರ್ಚಿ ಕಿರುಗುಟ್ಟಿತು, ಬಾಗಿಲ ಚಿಲಕ ಒಮ್ಮೆ ಅಲುಗಾಡಿತು. "ಕೂತ್ಕೋ" ಅಂದಳು ದೊಡ್ಡವಳು ಒಳಗಿನಿಂದ. "ನೋಡ್ತಾ ಇದೀನಿ." ಚಿಲಕ ಸುಮ್ಮನಾಯಿತು. ನಾಲ್ಕಾರು ದಿನ ಕಳೆದಮೇಲೆ ಆಜ್ಞೆಗಳು ಬರತೊಡಗಿದವು.

"ಅಕ್ಕಾ, ಬಲಗಡೆ ಚಕ್ರಕ್ಕೆ ಕೂದಲು."

ದೊಡ್ಡವಳು ತಿರುಗಿಸಿ ನೋಡಿದರೆ ಕೂದಲೇ. ಇನ್ನೊಂದು ದಿನ, "ಬ್ರಷ್ ಎಡವ್ತಿದೆ, ಏನೋ ಗಟ್ಟಿ ಸಿಕ್ಕಿದೆ" ಅಂತ ಕೂಗಿದಳು. ತೆಗೆದು ನೋಡಿದರೆ ಏನೂ ಇರಲಿಲ್ಲ.

"ಏನೂ ಇಲ್ಲ ಮೇಸ್ತ್ರಿಗಳೇ."

"ಇದ್ದೇ ಇರುತ್ತೆ, ನಿನಗೆ ಕಾಣ್ತಿಲ್ಲ" ಅಂದಳು ಮೇಸ್ತ್ರಿ. ಮೇಸ್ತ್ರಿಗಳು ತಪ್ಪು ಒಪ್ಪುವ ಪದ್ಧತಿ ಆ ಗಿರಣಿಯಲ್ಲೂ ಇರಲಿಲ್ಲವಂತೆ.

ಮಗಳು ಬಂದ ದಿನ ಜಗುಲಿಯಲ್ಲೇ ಊದಿಸಿದಳು. ಮುಳ್ಳು ಹಳೆಯ ಗುರುತು ದಾಟಿ ಮೇಲೆ ಹೋಗಿ ನಿಂತಿತು. ಮತ್ತೊಮ್ಮೆ ಊದಿಸಿದಳು. ಅಲ್ಲೇ ನಿಂತಿತು. ಮಗಳು ಅಮ್ಮನನ್ನು ನೋಡಿ, ಕಿಟಕಿಯೊಳಗೆ ಸ್ಟೂಲಿನ ಮೇಲೆ ಕೂತ ದೊಡ್ಡಮ್ಮನನ್ನು ನೋಡಿ, "ಇದೇನು, ಒಬ್ಬರು ಒಳಗೆ ಒಬ್ಬರು ಹೊರಗೆ, ಜಗಳ ಆಡಿದಿರಾ?" ಅಂದಳು.

"ಪಾಳಿ ನಡೀತಿದೆ, ಮಾತಾಡಿಸಬೇಡ" ಅಂದಳು ಚಿಕ್ಕವಳು.

ಕರೆದುಕೊಂಡು ಹೋಗುವ ಮಾತು ಆಮೇಲೆ ಏಳಲಿಲ್ಲ. ಚಿಕ್ಕವಳು ಇದ್ದಷ್ಟು ಕಾಲ ಆ ಮನೆಯಲ್ಲೇ ಇದ್ದಳು, ಕಡಿಮೆ ಕಾಲವೇನಲ್ಲ. ಯಂತ್ರಕ್ಕೆ ಎರಡು ಸಲ ಬ್ಯಾಟರಿ ಬದಲಾಯಿತು. ಬೀದಿಯ ಹೆಂಗಸರು ಅಂತಹುದೇ ಕೊಳ್ಳಲು ಹೊರಟರೆ ಮೊದಲು ಜಗುಲಿಗೆ ಬಂದು ಮೇಸ್ತ್ರಿಯನ್ನು ಕೇಳುತ್ತಿದ್ದರು. "ಹೊಸ್ತಿಲು ಅಳೆ, ಮಂಚ ಅಳೆ, ಆಮೇಲೆ ನಿನ್ನ ಹಣೆಬರಹ ಅಳೆ. ಚೀಲದ್ದೇ ತಗೋ" ಅಂತ ಅವಳು ಹೇಳಿದ್ದು ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು.

ಕೊನೆಕೊನೆಗೆ ಎದೆ ಅಲ್ಲ, ಕಾಲು ಸೋತವು. ಜಗುಲಿಯ ಕುರ್ಚಿಗೆ ದಿಂಬು ಬಂತು, ಕಾಲಿಗೆ ಮಣೆ ಬಂತು. ಒಂದು ಬೆಳಗ್ಗೆ ದೊಡ್ಡವಳು ಎಂದಿನ ಹಾಗೆ ಗುಂಡಿ ಒತ್ತಿ ಸ್ಟೂಲಿನ ಮೇಲೆ ಕೂತಳು. ಹೊರಗಿನಿಂದ ಬೈಗುಳ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಚಿಕ್ಕವಳು ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿದಳು. ಕೂಗಲಿಲ್ಲ, ಸಾದಾ ಗಂಟಲಲ್ಲಿ ಕೇಳಿದಳು. ಅವಳು ದೊಡ್ಡವಳನ್ನು ಕೇಳಿದ ಕೊನೆಯ ಮಾತು ಅದೇ.

"ಅಕ್ಕ, ಅದು ಓಡ್ತಾ ಇರಲಿ. ಬಿಟ್ಟು ಬಾ. ಇಲ್ಲಿ ಬಂದು ನನ್ನ ಪಕ್ಕ ಕೂತ್ಕೋತೀಯಾ?"